ತಾಳದ ದೀಪಕ್ಕೆ ಯಾವ ಬಣ್ಣ?

ಬಣ್ಣದ ವಿಷಯ ಬಂತೆಂದರೆ ನಮ್ಮಲ್ಲಿ ಪಂಡಿತನಲ್ಲದವನು ಯಾರು? ಮದುವೆಗೆ ಸೀರೆ ತೆಗೆಯುವಾಗ, ಮನೆಗೆ ಸುಣ್ಣ-ಬಣ್ಣ ಮಾಡಿಸುವಾಗ ಈ ಪಾಂಡಿತ್ಯದ ಅನುಭವ ವಾಚಕರಿಗೆಲ್ಲ ಆಗಿಯೇ ಇರುತ್ತದೆ. ಕಳೆದ ಮೂರು ತಿಂಗಳು ಅದೆಲ್ಲವೂ ನಮ್ಮ ಮನೆಯಲ್ಲಿ ಒಂದು ಮೊಳದುದ್ದದ ತಗಡಿನ ಮೇಲೆ ಖರ್ಚಾಯಿತು. ಆ ತಗಡು, ನನ್ನ ಸೋದರಳಿಯನು ಕೈಯಾರೆ ಕಟ್ಟುತ್ತಿರುವ ಸಿಂಥಸೈಜರ್ ಪೆಟ್ಟಿಗೆಯ ಮುಖಫಲಕ. ಅದರಲ್ಲಿ ಯಾವ ಯಾವ ಬಣ್ಣದ ದೀಪಗಳಿರಬೇಕು ಎಂಬುದೇ ಪ್ರಶ್ನೆ.

ಸಿಂಥಸೈಜರ್ ಎಂದರೆ ತಂತಿ, ತೊಗಲು, ಗಾಳಿ ಇವು ಯಾವುದರ ಹಂಗೂ ಇಲ್ಲದೆ ವಿದ್ಯುತ್ತಿನಿಂದಲೇ ಸ್ವರ ಹುಟ್ಟಿಸುವ ವಾದ್ಯ. ಇದು ಪರದೇಶದ ಹುಚ್ಚು ಎಂದು ಮೂಗು ಮುರಿಯುವವರಿಗೆ ಎರಡು ಮಾತು ಹೇಳಬೇಕು. 1969ರಲ್ಲಿಯೇ ಅಹಮದಾಬಾದಿನ ರಾಷ್ಟ್ರೀಯ ವಿನ್ಯಾಸ ಸಂಸ್ಥೆಗೆ ಮೂಗ್ ಎಂಬ ದೊಡ್ಡ ಸಿಂಥಸೈಜರ್ ಬಂದಿತ್ತು. 1979ರಲ್ಲಿ ಬೆಂಗಳೂರಿನ ಜಿ. ರಾಜ್ ನಾರಾಯಣ್ ಅವರು, ಎಂಜಿನಿಯರರೂ ಹೌದು ಕೊಳಲು ನುಡಿಸುವವರೂ ಹೌದು, ಎಲೆಕ್ಟ್ರಾನಿಕ್ ತಂಬೂರಿಯನ್ನು ಮಾಡಿದರು. ಇಂದು ಯಾವ ಕಛೇರಿಗೆ ಹೋದರೂ ಗಾಯಕರ ಹಿಂದೆ ಅಂಥದೊಂದು ಪೆಟ್ಟಿಗೆ ಕಾಣುವುದಷ್ಟೆ? ಇನ್ನು 1982ರಲ್ಲಿ ನಮ್ಮ ಈ ಮುಂಬಯಿಯಲ್ಲೇ ಚರಣಜಿತ್ ಸಿಂಗ್ ಎಂಬ ವಾದಕರು ಜಪಾನಿನ ರೋಲಂಡ್ ಯಂತ್ರಗಳ ಮೇಲೆ ಹತ್ತು ರಾಗಗಳನ್ನು ನುಡಿಸಿ ತಟ್ಟೆ ಹೊರಡಿಸಿದರು. ಆಗ ಯಾರೂ ಕೇಳಲಿಲ್ಲ. ಮುಂದೆ ಎಷ್ಟೋ ವರ್ಷದ ಮೇಲೆ ಲೋಕವೆಲ್ಲ ಅದನ್ನು ಹುಡುಕಿಕೊಂಡು ಬಂತು.

ನಮ್ಮ ಹುಡುಗನ ಉದ್ದೇಶ ಇಷ್ಟು ದೊಡ್ಡದಲ್ಲ. ನಮ್ಮ ಓಣಿಯ ಕನ್ನಡ ಹೆಂಗಸರ ಭಜನಾ ಮಂಡಳಿಗೆ ತಬಲಾ ನುಡಿಸುತ್ತಿದ್ದ ಗೃಹಸ್ಥರು ಪುಣೆಗೆ ವರ್ಗವಾಗಿ ಹೋದರು. ಅಂದಿನಿಂದ ಹಾಡು ಒಂದು ದಾರಿ, ಚಪ್ಪಾಳೆ ಒಂದು ದಾರಿ. ಶ್ರುತಿ ಹಿಡಿಯುವ, ಎರಡು ಸಪ್ತಕದ ಮನೆಗಳುಳ್ಳ, ಜೊತೆಗೆ ತಾಳವನ್ನು ಕಣ್ಣಿಗೆ ತೋರಿಸುವ ಒಂದು ಪೆಟ್ಟಿಗೆ ಮಾಡಿಕೊಡುವೆನೆಂದು ಅವನು ಮಾತು ಕೊಟ್ಟನು. ತಾಳ ತೋರಿಸಲು 16 ದೀಪಗಳ ಒಂದು ಸಾಲು. ತೀನತಾಲಕ್ಕೆ ಮಾತ್ರೆ 16, ನಾಲ್ಕು ನಾಲ್ಕರ ನಾಲ್ಕು ವಿಭಾಗ. ಒಂದೊಂದು ಮಾತ್ರೆಗೆ ಒಂದೊಂದು ದೀಪ ಹೊತ್ತಿ ಮುಂದೆ ಸಾಗುತ್ತದೆ.

ತಗಡಿಗೆ ತೂತು ಕೊರೆದಾಯಿತು. ಬಣ್ಣದ ಚರ್ಚೆ ಮೊದಲಾಯಿತು. ನಮ್ಮ ಅಕ್ಕನ ಮತದಲ್ಲಿ, ಪೆಟ್ಟಿಗೆ ಹಚ್ಚಿದಾಗ ಹಸಿರು, ಆರಿಸಿದಾಗ ಕೆಂಪು, ಇದರಲ್ಲಿ ಕೇಳುವುದೇನಿದೆ? ನೆರೆಮನೆಯ ರಾಯರು ಊರ ಹೊರಗಿನ ವಿದ್ಯುತ್ ಉಪಕೇಂದ್ರದಲ್ಲಿ ದುಡಿದು ನಿವೃತ್ತರಾದವರು. ಅವರದು ಪೂರಾ ಉಲ್ಟಾ. ಸ್ವಿಚ್‌ಗೇರ್ ಫಲಕದಲ್ಲಿ ಕೆಂಪು ಉರಿದರೆ ಪ್ರವಾಹ ಹರಿಯುತ್ತಿದೆ, ಕೈ ಹಾಕಬೇಡ ಎಂದು ಅರ್ಥ. ಹಸಿರು ಉರಿದರೆ ಬಂದಾಗಿದೆ, ಭಯವಿಲ್ಲ ಎಂದು ಅರ್ಥ. ಮೂವತ್ತು ವರ್ಷ ಹಾಗೆ ನೋಡಿದ ಕಣ್ಣು ಈಗ ಬೇರೆ ನೋಡಲಾರದೆಂದು ಅವರು ಕಡ್ಡಿ ಮುರಿದಂತೆ ಹೇಳಿದರು. ಇಬ್ಬರ ಮಾತೂ ಸರಿಯೇ. ರಸ್ತೆಯಲ್ಲಿ ನಿಂತವನಿಗೆ ಹಸಿರು 'ಹೋಗು' ಎನ್ನುತ್ತದೆ. ಫಲಕದ ಮುಂದೆ ನಿಂತವನಿಗೆ 'ಮುಟ್ಟಬಹುದು' ಎನ್ನುತ್ತದೆ. ನಮ್ಮ ಕಚೇರಿಯಲ್ಲಿ ಹಸಿರಿಗೆ ಮೂರನೆಯ ಅರ್ಥವೂ ಉಂಟು. ಹಸಿರು ಶಾಯಿಯ ಸಹಿ ಬಿತ್ತೆಂದರೆ ಅದು ಮೇಲಿನ ಸಾಹೇಬರದು, ನಮ್ಮಂಥ ಗುಮಾಸ್ತರು ಆ ಪೆನ್ನನ್ನು ಮುಟ್ಟುವ ಹಾಗಿಲ್ಲ.

ಅಕ್ಕನ ಕಿರಿಯ ಮಗಳು ನೀಲಿ ಬೇಕೆಂದಳು, ಈಗಿನ ಎಲ್ಲ ಸಾಮಾನಿನಲ್ಲೂ ನೀಲಿಯೇ ಇರುತ್ತದೆಂದು. ನಾನು ರೋಲಂಡ್ ಕಂಪನಿಯವರು 1980ರಲ್ಲಿ ತಂದ ಟಿ.ಆರ್. 808 ಎಂಬ ತಾಳಯಂತ್ರದ ಚಿತ್ರವನ್ನು ತೋರಿಸಿದೆ. ಚರಣಜಿತ್ ಸಿಂಗರು ಬಳಸಿದ್ದು ಇದನ್ನೇ. ಅದರಲ್ಲಿಯೂ 16 ಗುಂಡಿಗಳ ಒಂದು ಸಾಲು. ಮೊದಲ ನಾಲ್ಕು ಕೆಂಪು, ಮುಂದಿನ ನಾಲ್ಕು ಕಿತ್ತಳೆ, ಆಮೇಲೆ ಹಳದಿ, ಕೊನೆಗೆ ಬಿಳಿ. ಜಪಾನಿನವರಿಗೆ ತೀನತಾಲ ಗೊತ್ತಿತ್ತೆಂದಲ್ಲ. ಲೆಕ್ಕ ಕೂಡಿ ಬಂದಿದೆ, ಅಷ್ಟೆ.

ಹುಡುಗನು ಎಲ್ಲರ ಮಾತನ್ನೂ ಕೇಳಿದನು, ಯಾರಿಗೂ ಉತ್ತರ ಕೊಡಲಿಲ್ಲ. ಒಂದು ರವಿವಾರ ಲ್ಯಾಮಿಂಗ್ಟನ್ ರೋಡಿಗೆ ಹೋಗಿ ದೀಪಗಳನ್ನು ತಂದನು. ಚೀಲ ಬಿಚ್ಚಿ ನೋಡಿದರೆ ಎಲ್ಲವೂ ಅರಿಶಿಣಗೆಂಪಿನವು; ಅಂಗಡಿಯವರು ಆಂಬರ್ ಎನ್ನುವ ಜಾತಿ. ಅಕ್ಕ ಸಿಡುಕಿದಳು. ಆಗ ಅವನು ತಗಡಿನ ಮೇಲಿನ ಕಣ್ಣು ತೆಗೆಯದೆಯೇ ನನಗೆ ಹೇಳಿದನು:

"ಮಾಮಾ, ಕೆಂಪು-ಹಸಿರಿನ ಜೋಡಿ ಒಂದು ಬ್ಯಾಡ್ರಿ. ನನಗ ಅವೆರಡೂ ಒಂದ ಕಾಣತಾವ."

"ಯಾವಾಗಿಂದೋ?"

"ಹುಟ್ಟಿದಾಗಿಂದರಿ."

"ಅಯ್ಯ, ಇಪ್ಪತ್ಮೂರು ವರ್ಷ ನನ್ನ ಮುಂದ ಹೇಳಲಿಲ್ಲಲ್ಲೋ!" ಎಂದಳು ಅಕ್ಕ.

"ನನಗರೆ ಎಲ್ಲಿ ಗೊತ್ತಿತ್ತವ್ವಾ? ರೈಲ್ವೆದವರು ಹೇಳಿದ ಮ್ಯಾಲೆ ಗೊತ್ತಾತು."

ಮೂರು ವರ್ಷದ ಹಿಂದೆ ಅವನು ರೈಲ್ವೆಯಲ್ಲಿ ಇಂಜಿನ್ ಚಾಲಕನ ಸಹಾಯಕನ ಹುದ್ದೆಗೆ ಬರೆದ ಪರೀಕ್ಷೆ ಪಾಸಾಗಿದ್ದನು. ಆಮೇಲೆ 'ಪಟ್ಟಿಯೊಳಗ ಹೆಸರ ಬರಲಿಲ್ಲ' ಎಂದು ಮನೆಯಲ್ಲಿ ಹೇಳಿ ಸುಮ್ಮನಾಗಿದ್ದನು. ನಿಜವಾಗಿ ಆದದ್ದು ವೈದ್ಯಕೀಯ ತಪಾಸಣೆಯಲ್ಲಿ. ಬಣ್ಣಬಣ್ಣದ ಚುಕ್ಕೆಗಳ ನಡುವೆ ಅಡಗಿದ ಅಂಕಿಯನ್ನು ಓದಿಸುವ ಪುಸ್ತಕವೊಂದುಂಟು. ಜಪಾನಿನ ನೇತ್ರವೈದ್ಯ ಶಿನೊಬು ಇಶಿಹಾರಾ 1917ರಲ್ಲಿ ಪ್ರಕಟಿಸಿದ್ದು. ಇಂದಿಗೂ ಅದೇ ನಡೆಯುತ್ತಿದೆ. ಹುಡುಗನಿಗೆ ಮೊದಲ ಹಾಳೆಯ ಅಂಕಿ ಕಂಡಿತು, ಆಮೇಲಿನ ಎಷ್ಟೋ ಹಾಳೆಗಳಲ್ಲಿ ಬರೀ ಚುಕ್ಕೆ. ರೈಲ್ವೆಯವರನ್ನು ತಪ್ಪೆನ್ನುವಂತಿಲ್ಲ. ಠಾಣೆಯ ನಿಲ್ದಾಣದ ತುದಿಯಲ್ಲಿ ನಿಂತು ನೋಡಿದವರಿಗೆ ಗೊತ್ತು, ರಾತ್ರಿಯಲ್ಲಿ ಆ ಕೆಂಪು, ಹಳದಿ, ಹಸಿರುಗಳ ಮೇಲೆ ಎಷ್ಟು ಸಾವಿರ ಜನರ ಪ್ರಾಣ ನಿಂತಿರುತ್ತದೆಂಬುದು. ಆದರೆ ಇಪ್ಪತ್ತರ ವಯಸ್ಸಿನ ಹುಡುಗ ಅದನ್ನು ಒಬ್ಬನೇ ನುಂಗಿಕೊಂಡು ಮನೆಗೆ ಬಂದನಲ್ಲ, ಅದು ನಮಗೆ ಅಂದು ತಿಳಿಯಿತು. (ಇದನ್ನು ಬರೆಯಲು ಅವನ ಒಪ್ಪಿಗೆ ಪಡೆದಿದ್ದೇನೆ. 'ಹೆಸರ ಹಾಕಬ್ಯಾಡ್ರಿ' ಎಂದಿದ್ದಾನೆ, ಹಾಕಿಲ್ಲ.)

ಇದಕ್ಕೆ ನಾವು ಬಣ್ಣಗುರುಡು ಎನ್ನುತ್ತೇವೆ. ಮಾತು ಒರಟು, ಸರಿಯೂ ಅಲ್ಲ. ಅವನಿಗೆ ಬಣ್ಣ ಕಾಣುವುದಿಲ್ಲವೆಂದಲ್ಲ. ಹಳದಿ, ನೀಲಿ ಚೆನ್ನಾಗಿ ಕಾಣುತ್ತವೆ. ಕಣ್ಣಿನ ಹಿಂಬದಿಯ ಪರದೆಯಲ್ಲಿ ಬಣ್ಣ ಗುರುತಿಸುವ ಕೋಶಗಳು ಮೂರು ಬಗೆ. ಅವುಗಳಲ್ಲಿ ಹಸಿರಿನ ಕಡೆಯದು ಇವನಲ್ಲಿ ಕೆಂಪಿನದಕ್ಕೆ ತೀರ ಹತ್ತಿರ ಸರಿದಿದೆ. ಯುರೋಪಿನ ಮೂಲದ ಗಂಡಸರಲ್ಲಿ ಸುಮಾರು 12ಕ್ಕೆ ಒಬ್ಬರಿಗೆ ಇಂಥ ಕೆಂಪು-ಹಸಿರಿನ ತೊಡಕಿದೆ. ನಮ್ಮ ದೇಶದಲ್ಲಿ ಅದಕ್ಕಿಂತ ಕಡಿಮೆ, ಆದರೂ ಅಪರೂಪವೇನಲ್ಲ. ಹೆಂಗಸರಲ್ಲಿ ಬಹಳ ವಿರಳ. ಇದು ಎಕ್ಸ್ ಎಂಬ ವರ್ಣತಂತುವಿನೊಡನೆ ಸಾಗುತ್ತದೆ. ತಂದೆಯಿಂದ ಮಗನಿಗೆ ಬಾರದು, ಮಗಳಿಗೆ ಹೋಗುತ್ತದೆ, ಮಗಳಲ್ಲಿ ಅಡಗಿ ಕುಳಿತು ಅವಳ ಮಗನಲ್ಲಿ ತಲೆ ಎತ್ತಬಹುದು.

ಇದನ್ನು ಓದಿ ಹೇಳಿದಾಗ ಅಕ್ಕನೂ ನಾನೂ ಏಕಕಾಲಕ್ಕೆ ನಮ್ಮ ತಂದೆಯವರನ್ನು ನೆನೆದೆವು. ಧಾರವಾಡದ ಕಡೆಯ ಹೊಲದಲ್ಲಿ ಹಣ್ಣಾದ ಮೆಣಸಿನಕಾಯಿ ಬಿಡಿಸುವಾಗ ಅವರು ಒಂದೊಂದನ್ನೂ ಹಿಚುಕಿ ನೋಡುತ್ತಿದ್ದರು. ಅವ್ವ ನಗುತ್ತಿದ್ದಳು, ಆಳುಗಳು ಎರಡು ಸಾಲು ಮುಗಿಸುವಷ್ಟರಲ್ಲಿ ಯಜಮಾನರದು ಅರ್ಧ ಸಾಲು. ಹಸಿರು ಗಿಡದಲ್ಲಿ ಕೆಂಪು ಕಾಯಿ ಅವರ ಕಣ್ಣಿಗೆ ಬೀಳುತ್ತಿರಲಿಲ್ಲವೋ ಏನೋ. ಈಗ ಕೇಳೋಣವೆಂದರೆ ಅವರಿಲ್ಲ.

ನಮ್ಮ ಮನೆಗಳಲ್ಲಿ ಈ ಎರಡು ಬಣ್ಣಗಳ ಮೇಲೆ ಎಷ್ಟು ಕೆಲಸ ಬಿಟ್ಟಿದ್ದೇವೆಂಬುದನ್ನು ನಾನು ಅಂದಿನಿಂದ ಲೆಕ್ಕ ಹಾಕುತ್ತಿದ್ದೇನೆ. ಬ್ಯಾಟರಿ ತುಂಬುವ ಚಾರ್ಜರಿನಲ್ಲಿ ಒಂದೇ ದೀಪ; ತುಂಬುವಾಗ ಕೆಂಪು, ತುಂಬಿದ ಮೇಲೆ ಹಸಿರು. ಹುಡುಗನಿಗೆ ಅದು ಒಂದೇ ದೀಪ, ಒಂದೇ ಬಣ್ಣ. ಇಷ್ಟು ದಿನ ಅವನು 'ಅವ್ವಾ, ಆತೇನು ನೋಡು' ಎಂದು ಕೂಗಿ ಕೇಳುತ್ತಿದ್ದುದನ್ನು ನಾವು ಸೋಮಾರಿತನವೆಂದು ಬಗೆದಿದ್ದೆವು. ರಸ್ತೆಯ ಸಿಗ್ನಲ್ಲು ಇದಕ್ಕಿಂತ ಜಾಣತನದ್ದು. ಕೆಂಪು ಮೇಲೆ, ಹಸಿರು ಕೆಳಗೆ. ಸ್ಥಾನ ನೋಡಿದರೆ ಸಾಕು. ಅಲ್ಲದೆ ಆ ಹಸಿರಿಗೆ ತುಸು ನೀಲಿ ಬೆರೆಸಿರುತ್ತಾರೆ, ಇಂಥ ಕಣ್ಣುಗಳಿಗೆ ಅದು ಬಿಳುಪಾಗಿ ಕಂಡು ಕೆಂಪಿನಿಂದ ಬೇರೆಯಾಗಲೆಂದು.

ಈಗ ದೀಪಗಳ ವಿಷಯ. ಈ ಸಣ್ಣ ದೀಪಗಳಿಗೆ ಎಲ್.ಇ.ಡಿ. ಎಂದು ಹೆಸರು. ಕಣ್ಣಿಗೆ ಕಾಣುವ ಕೆಂಪು ಬೆಳಕಿನದನ್ನು ಅಮೇರಿಕೆಯಲ್ಲಿ ನಿಕ್ ಹೊಲೊನ್ಯಾಕ್ 1962ರಲ್ಲಿ ಮಾಡಿದರು. ಕಾಕತಾಳೀಯವೆಂದರೆ, ನಮ್ಮ ವಾಗ್ಳೆ ಎಸ್ಟೇಟಿನಲ್ಲಿ ಮಹಾರಾಷ್ಟ್ರ ಕೈಗಾರಿಕಾ ಅಭಿವೃದ್ಧಿ ನಿಗಮದ ಉದ್ಘಾಟನೆಯಾದದ್ದೂ ಅದೇ 1962ರಲ್ಲಿ. ಹಳದಿ 1972ರಲ್ಲಿ ಬಂತು. ಪ್ರಖರವಾದ ನೀಲಿ ಮಾತ್ರ 1993ರವರೆಗೆ ಕಾಯಿಸಿತು. ಅದಕ್ಕಾಗಿ ದುಡಿದ ಅಕಾಸಾಕಿ, ಅಮಾನೊ, ನಕಾಮುರಾ ಎಂಬ ಮೂವರಿಗೆ 2014ರಲ್ಲಿ ನೊಬೆಲ್ ಪಾರಿತೋಷಕ ಸಿಕ್ಕಿತು. ಹಳೆಯ ಯಂತ್ರಗಳ ಮುಖದಲ್ಲಿ ಎಲ್ಲೆಲ್ಲೂ ಕೆಂಪು ದೀಪವೇ ಇರುವುದಕ್ಕೆ ಸೌಂದರ್ಯವೊಂದೇ ಕಾರಣವೆಂದು ತಿಳಿಯಬಾರದು. ಅಗ್ಗವಾಗಿ ಸಿಗುತ್ತಿದ್ದದ್ದು ಅದು. ಈಗ ನೀಲಿ ಎಲ್ಲೆಲ್ಲೂ ಇರುವುದು ಬಹುಮಟ್ಟಿಗೆ ಹೊಸದರ ಹುರುಪು.

ನೀಲಿಯನ್ನೂ ಹುಡುಗ ಪರೀಕ್ಷಿಸದೆ ಬಿಡಲಿಲ್ಲ. ಅವನ ಕಣ್ಣಿಗೆ ಹಳದಿ ಮತ್ತು ನೀಲಿ ಎಲ್ಲಕ್ಕಿಂತ ಚೆನ್ನಾಗಿ ಬೇರ್ಪಡುವ ಜೋಡಿ. ಆದುದರಿಂದ ಪ್ರತಿ ವಿಭಾಗದ ಮೊದಲ ದೀಪ ನೀಲಿ, ಉಳಿದವು ಆಂಬರ್ ಎಂದು ಜೋಡಿಸಿ ಮಂಡಳಿಯ ಮುಂದಿಟ್ಟನು. ಹಗಲು ಮೇಜಿನ ಮೇಲೆ ಚೆನ್ನಾಗಿಯೇ ಇತ್ತು. ರಾತ್ರಿ ಭಜನೆಗೆ ಕೊಠಡಿಯ ದೊಡ್ಡ ದೀಪ ಆರಿಸಿ ನಂದಾದೀಪವಷ್ಟೇ ಇಟ್ಟಾಗ ಆ ನೀಲಿ ಉರಿದೆದ್ದಿತು. ಇದಕ್ಕೂ ಕಾರಣವುಂಟು. ಹಗಲಿನಲ್ಲಿ ನಮ್ಮ ಕಣ್ಣು ಹಳದಿ ಬೆರೆತ ಹಸಿರಿಗೆ ಹೆಚ್ಚು ಚುರುಕು. ಕತ್ತಲಾದಂತೆ ಆ ಚುರುಕು ನೀಲಿಯ ಕಡೆ ಸರಿಯುತ್ತದೆ. ಸಂಜೆಯ ಹೊತ್ತು ಅಂಗಳದಲ್ಲಿ ನಿಂತು ನೋಡಿರಿ; ದಾಸವಾಳದ ಹೂವು ಮೊದಲು ಕಪ್ಪಾಗುತ್ತದೆ, ಎಲೆ ಇನ್ನೂ ಕಾಣುತ್ತಿರುತ್ತದೆ. ಪುರ್ಕಿನ್ಯೆ ಎಂಬ ಚೆಕ್ ವೈದ್ಯನು ಹೀಗೆಯೇ ಹೂಗಳನ್ನು ನೋಡಿ ಇದನ್ನು ಕಂಡುಕೊಂಡನು.

ಮಂಡಳಿಯಲ್ಲಿ ಎಲ್ಲರಿಗಿಂತ ಮುಂದೆ ಕೂಡ್ರುವ ಅಜ್ಜಿಗೆ ಎಪ್ಪತ್ತಾರು. ಪದ ಎತ್ತಿಕೊಡುವವರು ಅವರೇ. ಒಂದು ಕಣ್ಣಿನ ಪೊರೆ ತೆಗೆಸಿದ್ದಾರೆ, ಇನ್ನೊಂದರದು ಬಾಕಿ. ಎರಡು ಪದ ಆಗುವಷ್ಟರಲ್ಲಿ ಅವರು ತಾಳ ನಿಲ್ಲಿಸಿ,

"ತಮ್ಮಾ, ಆ ನೀಲಿ ತಗೀಯಪ್ಪಾ. ಸೂಜಿ ಚುಚ್ಚಿಧಂಗ ಆಗತದ. ಈ ಕಣ್ಣಿಲೆ ನೋಡಿದ್ರ ಒಂದು ನಮೂನಿ, ಆ ಕಣ್ಣಿಲೆ ನೋಡಿದ್ರ ಒಂದು ನಮೂನಿ" ಎಂದರು.

ಅಜ್ಜಿಯ ಮಾತು ಅಕ್ಷರಶಃ ಸರಿ. ವಯಸ್ಸಾದಂತೆ ಕಣ್ಣಿನ ಮಸೂರ ಹಳದಿಗಟ್ಟಿ ನೀಲಿ ಬೆಳಕನ್ನು ತಡೆಯುತ್ತದೆ. ಪೊರೆ ಬಂದಾಗ ಬೆಳಕು ಚೆಲ್ಲಾಪಿಲ್ಲಿಯಾಗಿ ಕಣ್ಣು ಕುಕ್ಕುತ್ತದೆ. ಪೊರೆ ತೆಗೆಸಿದ ಕಣ್ಣಿಗೆ ಆ ತಡೆಯಿಲ್ಲ, ನೀಲಿ ತಟ್ಟನೆ ಹೊಳೆಯುತ್ತದೆ. ಹೀಗೆ ಒಂದೇ ದೀಪ ಅಜ್ಜಿಗೆ ಎರಡು ದೀಪ, ಹುಡುಗನಿಗೆ ಎರಡು ದೀಪ ಒಂದೇ ದೀಪ. ಈ ಇಬ್ಬರ ಕಣ್ಣಿಗೂ ಒಪ್ಪುವ ಫಲಕ ಮಾಡುವುದೆಂದರೆ ಬಣ್ಣದ ಮೇಲೆ ಭಾರ ಹೊರಿಸದಿರುವುದೇ ದಾರಿ ಎಂದು ನನಗೆ ತೋರಿತು. ಹುಡುಗನಿಗೆ ಅದು ಮೊದಲೇ ತೋರಿತ್ತು.

ಅವನು ಹಗಲು ದುಡಿಯುವುದು ಇಲ್ಲಿಯ ಒಂದು ಕಂಟ್ರೋಲ್ ಪ್ಯಾನಲ್ ಕಾರಖಾನೆಯಲ್ಲಿ. ಕಾರಖಾನೆಗಳಿಗೆ ಬೇಕಾಗುವ ಆಳೆತ್ತರದ ವಿದ್ಯುತ್ ಕಪಾಟುಗಳಿಗೆ ತಂತಿ ಜೋಡಿಸುವ ಕೆಲಸ. ಅಂಥ ಕಪಾಟಿನ ನೆತ್ತಿಯಲ್ಲಿ ಮೂರು ದೀಪಗಳಿರುತ್ತವೆ: ಕೆಂಪು, ಹಳದಿ, ನೀಲಿ, ಮೂರು ಫೇಸುಗಳಿಗೆ ಒಂದೊಂದು. ಎಡದಿಂದ ಬಲಕ್ಕೆ ಇದೇ ಕ್ರಮ. ಒಳಗಿನ ನೂರಾರು ತಂತಿಗಳ ತುದಿಗೆ ಬಿಳಿಯ ಚಿಕ್ಕ ಬಳೆ ತೊಡಿಸಿ ಅಂಕಿ ಹಾಕಿರುತ್ತಾರೆ, ಫೆರುಲ್ ಎನ್ನುತ್ತಾರೆ. ಹುಡುಗನು ಅಂಕಿ ಓದಿ ಜೋಡಿಸುತ್ತಾನೆ, ಮೀಟರ್ ಹಚ್ಚಿ ಖಾತ್ರಿ ಮಾಡಿಕೊಳ್ಳುತ್ತಾನೆ. ರಸ್ತೆಗಳಿಗೂ ಹೆಸರಿನ ಬದಲು ನಂಬರೇ ಇರುವ ಈ ವಾಗ್ಳೆ ಎಸ್ಟೇಟಿಗೆ ಒಪ್ಪುವ ಪದ್ಧತಿ. ಅದೇ ವಿದ್ಯೆಯನ್ನು ಅವನು ಪೆಟ್ಟಿಗೆಗೂ ತಂದನು.

ಈಗ ಸಾಲಿನ ಹದಿನಾರೂ ಆಂಬರ್. ಮೊದಲನೆಯದು ಸಮ; ಅದು 10 ಮಿಲಿಮೀಟರಿನ ದಪ್ಪ ದೀಪ, ಉಳಿದವು 5 ಮಿಲಿಮೀಟರಿನವು. ವಿಭಾಗದ ಮೊದಲ ಮಾತ್ರೆಯಲ್ಲಿ ದೀಪ ಜೋರಾಗಿ, ಉಳಿದ ಮಾತ್ರೆಗಳಲ್ಲಿ ಅರ್ಧ ಜೋರಿನಲ್ಲಿ ಉರಿಯುತ್ತದೆ. ಒಂಬತ್ತನೆಯದು ಖಾಲಿಯ ಜಾಗ. ಖಾಲಿಗೆ ಯಾವ ಬಣ್ಣ ಕೊಡುವುದೆಂದು ನಾವೆಲ್ಲ ತಲೆ ಕೆಡಿಸಿಕೊಂಡಿದ್ದೆವು. ಅವನು ಅಲ್ಲಿ ದೀಪವನ್ನು ಮಿಣುಕಾಗಿಸಿದನು, ಕಂಡೂ ಕಾಣದಷ್ಟು. ಖಾಲಿ ಎಂದರೆ ಬರಿದು ತಾನೆ? ತಬಲಾದವರು ಅಲ್ಲಿ ಎಡದ ಗುಮುಕಿ ಬಿಟ್ಟು ನುಡಿಸುವಂತೆ ಇಲ್ಲಿ ಬೆಳಕೂ ಹಿಂದೆ ಸರಿಯಿತು.

ಬಣ್ಣ ಬಿಟ್ಟದ್ದರಿಂದ ಇನ್ನೊಂದು ಲಾಭವಾಯಿತು. ಟಿ.ಆರ್. 808ರಂತೆ ನಾಲ್ಕು ನಾಲ್ಕಕ್ಕೆ ಬಣ್ಣ ಹಚ್ಚಿದ್ದರೆ ತೀನತಾಲಕ್ಕೆ ಚೆನ್ನ, ಝಪತಾಲ ಬಂದರೆ? ಅದರಲ್ಲಿ ಹತ್ತು ಮಾತ್ರೆ, ಎರಡು-ಮೂರು-ಎರಡು-ಮೂರರ ವಿಭಾಗ, ಆರನೆಯದು ಖಾಲಿ. ಅಂಟಿಸಿದ ಬಣ್ಣ ಅಲ್ಲಿ ಸುಳ್ಳು ಹೇಳುತ್ತದೆ. ಜೋರು-ಮಂದವಾದರೋ ಒಳಗಿನ ಚಿಪ್ಪು ತಾಳಕ್ಕೆ ತಕ್ಕಂತೆ ಬದಲಿಸಿಕೊಳ್ಳುತ್ತದೆ. ರೂಪಕವಂತೂ ತುಂಟ ತಾಳ. ಏಳು ಮಾತ್ರೆ, ಸಮದಲ್ಲಿಯೇ ಖಾಲಿ. ಅಲ್ಲಿ ದಪ್ಪ ದೀಪವೇ ಮಿಣುಕುತ್ತದೆ, ಕಂಡವರಿಗೆ ಕೆಟ್ಟಿತೇನೋ ಎಂಬ ಸಂಶಯ ಬರುವ ಹಾಗೆ.

ಕೆಂಪು ದೀಪ ಒಂದೇ ಒಂದು ಉಳಿದಿದೆ, ಬಲತುದಿಯಲ್ಲಿ. ಸ್ವರ ಮಿತಿಮೀರಿ ಒಡೆಯತೊಡಗಿದರೆ ಅದು ಮಿಟುಕುತ್ತದೆ. ಸ್ಥಳ ಬೇರೆ, ಮಿಟುಕುವುದು ಬೇರೆ, ಕೆಳಗೆ ಅಕ್ಷರವೂ ಇದೆ. ಕೆಂಪೆಂದು ಕಾಣದಿದ್ದರೂ ನಡೆಯುತ್ತದೆ. ತೋರುಪಟ್ಟಿಗೆ ನೀಲಿ ನೆಲದಲ್ಲಿ ಬಿಳಿ ಅಕ್ಷರದ್ದನ್ನು ಬಿಟ್ಟು ಹಳದಿಹಸಿರು ನೆಲದಲ್ಲಿ ಕಪ್ಪು ಅಕ್ಷರ ಮೂಡುವ ಹಳೆಯ ಮಾದರಿಯದನ್ನೇ ಹಾಕಿದನು. ಅದು ಹಗಲು ಬೆಳಕಿನಲ್ಲಿ ಒಳದೀಪವಿಲ್ಲದೆಯೂ ಓದಲು ಬರುತ್ತದೆ, ಸಾಲಿಗೆ 16 ಅಕ್ಷರದಂತೆ ಎರಡು ಸಾಲು.

ಮನೆಯಲ್ಲಿ ಮಾಡುವವರಿಗಾಗಿ ಒಂದು ಲೆಕ್ಕ. 5 ವೋಲ್ಟಿನ ಪ್ರವಾಹದಲ್ಲಿ ಆಂಬರ್ ದೀಪ ಸುಮಾರು 2 ವೋಲ್ಟು ತಾನು ತಿನ್ನುತ್ತದೆ. ಉಳಿದ 3 ವೋಲ್ಟನ್ನು ತಡೆಯಲು ಸಾಲಿನಲ್ಲೊಂದು ನಿರೋಧಕ ಬೇಕು. 300 ಓಮ್ ಹಾಕಿದರೆ 10 ಮಿಲಿ ಆಂಪಿಯರ್ ಹರಿಯುತ್ತದೆ. ಹಳೆಯ ಪುಸ್ತಕಗಳು ಹೇಳುವುದು ಇಷ್ಟು ಅಥವಾ ಇದಕ್ಕೂ ಹೆಚ್ಚು. ಈಗಿನ ದೀಪಗಳಿಗೆ ಅದು ದಂಡ. ಹುಡುಗ 3.3 ಕಿಲೊ ಓಮ್ ಹಾಕಿದ್ದಾನೆ. ಒಂದು ಮಿಲಿ ಆಂಪಿಯರಿಗೂ ಕಡಿಮೆ. ಕತ್ತಲ ಕೊಠಡಿಗೆ ಅಷ್ಟು ಸಾಕು. ಮಂದಗೊಳಿಸಲು ದೀಪವನ್ನು ಸೆಕೆಂಡಿಗೆ ನೂರಾರು ಸಲ ಆರಿಸಿ ಹೊತ್ತಿಸುತ್ತಾರಷ್ಟೆ. ಆ ಜಿಗಿತ ತಂಬೂರಿಯ ನಾದದೊಳಗೆ ಸಣ್ಣ ಗುಂಯ್ ಎಂದು ಸೇರಿಕೊಂಡಿತ್ತು. ದೀಪಗಳ ನೆಲತಂತಿಯನ್ನು ಸ್ವರದ ಭಾಗದಿಂದ ಬೇರೆ ಒಯ್ದು, ಒಂದು ಕೆಪಾಸಿಟರ್ ಹಾಕಿದ ಮೇಲೆ ಹೋಯಿತು. ಪ್ರವಾಹ ಕಡಿಮೆ ಮಾಡಿದ್ದೂ ಇಲ್ಲಿ ಉಪಕಾರಕ್ಕೆ ಬಂತು.

ಕಾರಖಾನೆಯ ಮಾತು ಉಳಿಯಿತು. ಅಲ್ಲಿ ಅವನು ಯಾರಿಗೂ ಹೇಳಿರಲಿಲ್ಲ. ಹೇಳಿದರೆ ಈ ಕೆಲಸವೂ ಹೋದೀತೆಂಬ ಅಂಜಿಕೆ. ಅಕ್ಕನದೂ ಅದೇ ಅಂಜಿಕೆ. ಅಂಕಿ ಬಿದ್ದುಹೋದ ತಂತಿಯೊಂದು ಕೈಗೆ ಬಂದ ದಿನ ಏನು ಮಾಡುತ್ತೀ ಎಂದು ನಾನು ಕೇಳಿದೆ. ಅವನು ಬಹಳ ಹೊತ್ತು ಮಾತಾಡಲಿಲ್ಲ. ಮರುವಾರ ತಾನೇ ಹೋಗಿ ಮಾಲೀಕರಿಗೆ ಹೇಳಿದನು. ಅವರು ಅವನ ಎದುರಿಗೆ ಹಳೆಯ ಕಪಾಟೊಂದನ್ನು ತೆರೆದಿಟ್ಟು ಮಧ್ಯಾಹ್ನವಿಡೀ ಪರೀಕ್ಷೆ ಮಾಡಿಸಿದರಂತೆ. ಈಗ ಅವನನ್ನು ತಂತಿ ಕತ್ತರಿಸುವ ಮೇಜಿನಿಂದ ತೆಗೆದು ತಪಾಸಣೆಯ ಮೇಜಿಗೆ ಹಾಕಿದ್ದಾರೆ, ಮುಗಿದ ಕಪಾಟನ್ನು ಮೀಟರ್ ಹಿಡಿದು ನೋಡುವ ಕೆಲಸಕ್ಕೆ. ಪಗಾರ ಅಷ್ಟೇ ಇದೆ. ರೈಲಿನ ಮಾತು ಅವನು ಆಡುವುದಿಲ್ಲ, ನಾವೂ ಕೇಳುವುದಿಲ್ಲ.

ಪೆಟ್ಟಿಗೆ ಶನಿವಾರದ ಭಜನೆಗೆ ಹೋಗತೊಡಗಿ ಒಂದು ತಿಂಗಳಾಯಿತು. ಹೆಂಗಸರು ಧೈರ್ಯ ಮಾಡಿ ಝಪತಾಲದ ಪದವೊಂದನ್ನು ಎತ್ತಿಕೊಂಡಿದ್ದಾರೆ. ಮೂರನೆಯ ಮಾತ್ರೆಯ ದೀಪ ಇನ್ನಷ್ಟು ಜೋರಾಗಬೇಕೆಂದು ಅಜ್ಜಿಯ ಅಪ್ಪಣೆಯಾಗಿದೆ. ಆ ಒಂದಕ್ಕೆ 3.3ರ ಬದಲು 2.2 ಕಿಲೊ ಓಮ್ ಹಾಕಿ ಬರುವ ಶನಿವಾರ ತರುವನಂತೆ.